ಸ್ಟಿಕ್ಕರ್ ಎದ್ದದ್ದು ಎಲ್ಲಿಂದ?

ನಮ್ಮ ಮನೆಯ ಬೈಕು 2011ರದು. ಆ ಸಲ ಕಟ್ಟೆಮಳಲವಾಡಿ ಹರಾಜಿನಲ್ಲಿ ನಮ್ಮ ಹೊಗೆಸೊಪ್ಪಿಗೆ ಒಳ್ಳೆ ರೇಟು ಬಂದಿತ್ತು; ಅಪ್ಪ ಸಾಲವಿಲ್ಲದೆ, ನಗದು ಎಣಿಸಿ ತಂದ ಗಾಡಿ. ಗುರುಪುರದಿಂದ ಹುಣಸೂರಿಗೆ ಹಾಲು, ಗೊಬ್ಬರ, ಜೋಳದ ಮೂಟೆ ಎಲ್ಲವನ್ನೂ ಹೊತ್ತಿದೆ. ಅದು ಚೆನ್ನಾಗಿ ಕಾಣಬೇಕು ಅನ್ನುವ ಆಸೆ ನನಗೆ ಇವತ್ತಿಗೂ ಇದೆ.

ಮೂರು ವರ್ಷದ ಹಿಂದೆ ಟ್ಯಾಂಕಿನ ಎಡಗಡೆ ಸ್ಟಿಕ್ಕರ್ ಮೇಲಿನ ಮೂಲೆಯಿಂದ ಏಳತೊಡಗಿತು. 300 ರೂಪಾಯಿ ಕೊಟ್ಟು ಹೊಸ ಸೆಟ್ ಹಾಕಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಮೂಲೆ. ಇನ್ನೊಂದು ಸೆಟ್, 350. ಅದೂ ಎದ್ದಿತು. ಕೊನೆಗೆ ಪೇಂಟರ್ ಒಬ್ಬರು, ಇಡೀ ಟ್ಯಾಂಕಿಗೆ ಬಣ್ಣ ಹೊಡೆದು, ಸ್ಟಿಕ್ಕರ್ ಮೇಲೆ ಲ್ಯಾಕರ್ ಕೊಡ್ತೀನಿ ಎಂದು 2,200 ಕೇಳಿದರು. ನಾನೂ ಒಪ್ಪಿದ್ದೆ.

ಆ ದುಡ್ಡು ಉಳಿಸಿದವನು ಊರಿನ ಮೆಕ್ಯಾನಿಕ್ ಹುಡುಗ. ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ರಬ್ಬರ್ ತೋರಿಸಿದ. ಉಗುರು ಒತ್ತಿದರೆ ತಗ್ಗಬೇಕಾದ ರಬ್ಬರ್ ಕಲ್ಲಾಗಿತ್ತು, ಅಂಚು ಸೀಳಿತ್ತು. ‘ಅಣ್ಣ, ಫುಲ್ ಟ್ಯಾಂಕ್ ಹಾಕ್ಸಿ ಸೈಡ್ ಸ್ಟ್ಯಾಂಡ್ ಹಾಕ್ತೀರ. ಗಾಡಿ ಎಡಕ್ಕೆ ವಾಲ್ತದೆ, ಪೆಟ್ರೋಲ್ ಇಲ್ಲಿಂದ ಜಿನುಗ್ತದೆ. ಅಂಟು ಹೆಂಗೆ ನಿಲ್ತದೆ?’ ಅಂದ. ಹೊಸ ರಬ್ಬರಿಗೆ 60 ರೂಪಾಯಿ. ಅದನ್ನು ಮೊದಲೇ ಹಾಕಿಸಿದ್ದರೆ ಎರಡನೇ ಸೆಟ್ಟಿನ 350 ಕೈಯಲ್ಲೇ ಇರುತ್ತಿತ್ತು.

ಆಮೇಲೆ ಸ್ಟಿಕ್ಕರ್ ನಾನೇ ಅಂಟಿಸಿದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಹಳೆಯದರ ಮೇಲೆ ಹಾಕಿ ಐದು ನಿಮಿಷ ಬಿಟ್ಟು, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿದೆ. ಚಾಕು, ಬ್ಲೇಡು ತಾಗಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಉಳಿದ ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪು ನೀರಲ್ಲಿ ಎರಡು ಸಲ ತೊಳೆದೆ. ಎಣ್ಣೆಯ ಪಸೆ ಇದ್ದರೆ ಹೊಸದು ಹಿಡಿಯದು. ಟ್ಯಾಂಕಿನ ಮೇಲೆ ಶಾಂಪೂ ಬೆರೆಸಿದ ನೀರು ಚಿಮುಕಿಸಿ ಸ್ಟಿಕ್ಕರ್ ಇಟ್ಟರೆ, ಅದು ಜಾರುತ್ತದೆ. ನೇರ ಕೂರಿಸಲು ಸಮಯ ಸಿಗುತ್ತದೆ. ಆಮೇಲೆ ನಡುವಿನಿಂದ ಅಂಚಿಗೆ ಕಾರ್ಡಿನಿಂದ ನೀರನ್ನು ತಳ್ಳುತ್ತಾ ಹೋಗಬೇಕು. ಚೂಪು ಮೂಲೆಗಳನ್ನು ಮೊದಲೇ ಕತ್ತರಿಯಿಂದ ಗುಂಡಗೆ ಮಾಡಿಕೊಂಡಿದ್ದೆ, ಚೂಪಾದದ್ದೇ ಮೊದಲು ಏಳುವುದು. ಒಂದು ದಿನ ನೆರಳಲ್ಲಿ ನಿಲ್ಲಿಸಿದೆ. ಹೊಗೆಸೊಪ್ಪಿನ ಬ್ಯಾರನ್ ಪಕ್ಕದಲ್ಲಿ ಗಾಡಿ ನಿಲ್ಲಿಸುವುದನ್ನೂ ಬಿಟ್ಟೆ. ಸೊಪ್ಪು ಬೇಯುವ ಆ ಶಾಖಕ್ಕೆ ಅಂಟು ಸಡಿಲವಾಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಪೈಪನ್ನು ಸ್ಟಿಕ್ಕರ್ ಅಂಚಿಗೆ ಹಿಡಿಯಬೇಡಿ ಎಂದು ಹೇಳುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ, ಗಾಡಿಗೆ 15 ವರ್ಷ ತುಂಬಿದಾಗ ಆರ್‌ಸಿ ನವೀಕರಿಸಬೇಕು, ಅದಾದರೆ ಇನ್ನೈದು ವರ್ಷ. ಇಟ್ಟುಕೊಳ್ಳೋಣವೇ, ಮಾರೋಣವೇ ಎಂಬ ಮಾತು ಮನೆಯಲ್ಲಿ ಎದ್ದಾಗ, ಸ್ಟಿಕ್ಕರ್ ಸರಿಪಡಿಸುವ ಮೊದಲೇ, ಪಿರಿಯಾಪಟ್ಟಣದಿಂದ ಒಬ್ಬರು ನೋಡಲು ಬಂದಿದ್ದರು. ಸ್ಟಿಕ್ಕರ್ ಹರಿದಿದ್ದ ಟ್ಯಾಂಕ್ ನೋಡಿಯೇ 3,000 ಇಳಿಸಿದ್ದರು. ಹಾಗೆಂದು ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಿದ್ದರೆ, ‘ಗಾಡಿ ಎಲ್ಲಾದ್ರೂ ಬಿದ್ದಿತ್ತಾ?’ ಅನ್ನುತ್ತಿದ್ದರು. ಬಣ್ಣವನ್ನೇ ಬದಲಾಯಿಸಿದರಂತೂ ಆರ್‌ಸಿಯಲ್ಲೂ ತಿದ್ದಿಸಬೇಕು. ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ, ಆ ಗಾಡಿ ಕೊಳ್ಳುವವರು ಇಂದಿಗೂ ಮೊದಲು ಕೇಳುವುದು ಬಣ್ಣ ಕಂಪನಿಯದೇ ಅಂತ.

ನಾವು ಮಾರಲಿಲ್ಲ. ಸೈಡ್ ಪ್ಯಾನೆಲ್‌ನ ಸ್ಟಿಕ್ಕರ್ ಹುಲ್ಲಿನ ಹೊರೆ ಉಜ್ಜಿ ಅರ್ಧ ಹೋಗಿದೆ. ಅದಕ್ಕೆ ದುಡ್ಡು ಹಾಕಿಲ್ಲ, ಹೊರೆ ಕಟ್ಟುವಾಗ ಕೆಳಗೆ ಗೋಣಿಚೀಲ ಹಾಸುತ್ತೇನೆ. ಮೊನ್ನೆ ಫುಲ್ ಟ್ಯಾಂಕ್ ಹಾಕಿಸಿ, ರಾತ್ರಿ ಬೇಕೆಂದೇ ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಎದ್ದು ಆ ಎಡ ಮೂಲೆಯನ್ನು ಬೆರಳಿನಿಂದ ಸವರಿದೆ. ಒಣಗಿತ್ತು.