ಬರಿದಾದ ತಂಬಿಗೆಯೊಳಗೆ ಏನಿದೆ?
(ಚಿಕ್ಕ ಮಕ್ಕಳಿಗೆ ಪದಾರ್ಥಗಳ ಪಾಠ)

ಐದಾರು ವರುಷದ ಮಗುವಿನ ಕೈಯಲ್ಲಿ ಬರಿದಾದ ತಂಬಿಗೆಯನ್ನು ಕೊಟ್ಟು, "ಇದರೊಳಗೆ ಏನಿದೆ?" ಎಂದು ಕೇಳಿದರೆ, "ಏನೂ ಇಲ್ಲ" ಎಂದೇ ಅದು ಉತ್ತರ ಕೊಡುವುದು. ದೊಡ್ಡವರಲ್ಲಿಯೂ ಅನೇಕರು ಹಾಗೆಯೇ ಹೇಳುವರು. ಈ ಉತ್ತರವು ಸರಿಯಲ್ಲ. ಮಾತ್ರವಲ್ಲ, ಕೆಲವು ಸ್ಥಳಗಳಲ್ಲಿ ಇಂಥ ಎಣಿಕೆಯು ಪ್ರಾಣವನ್ನೇ ತೆಗೆಯುವದು. ಅದು ಹೇಗೆಂಬದನ್ನು ಪಾಠದ ಕೊನೆಯಲ್ಲಿ ನೋಡುವೆವು. ಮೊದಲು, ಪದಾರ್ಥಗಳ ಮೂರು ಸ್ಥಿತಿಗಳನ್ನು ಮನೆಯಲ್ಲಿರುವ ಸಾಮಾನುಗಳಿಂದಲೇ ಮಕ್ಕಳಿಗೆ ಕಲಿಸತಕ್ಕ ಕ್ರಮವನ್ನು ವಿವರಿಸುವೆವು. ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಸಬಾರದು. ಮಗು ಮುಟ್ಟಲಿ, ನೋಡಲಿ, ಸುರಿಯಲಿ. ಹೆಸರು ಆಮೇಲೆ ಬರಲಿ.

1. ಘನಪದಾರ್ಥ. ಒಂದು ಕಲ್ಲನ್ನು ತಟ್ಟೆಯಲ್ಲಿಡಿರಿ. ಅದನ್ನೇ ತೆಗೆದು ಚೆಂಬಿನಲ್ಲಿಡಿರಿ. ಕಲ್ಲಿನ ಆಕಾರವು ಬದಲಾಯಿತೇ? ಇಲ್ಲ. ಹೀಗೆ ತನ್ನ ಆಕಾರವನ್ನು ತಾನೇ ಕಾಪಾಡಿಕೊಳ್ಳುವಂಥದು ಘನಪದಾರ್ಥ. ಇಲ್ಲಿ ಜಾಣ ಮಗುವು, "ರಾಗಿಯನ್ನು ಸುರಿಯಬಹುದಲ್ಲಾ, ಅದು ನೀರಿನ ಜಾತಿಯೋ?" ಎಂದು ಕೇಳಬಹುದು. ಗದರಿಸಬೇಡಿರಿ, ಅದು ಒಳ್ಳೇ ಪ್ರಶ್ನೆಯೇ. ರಾಗಿಯನ್ನು ನೆಲದ ಮೇಲೆ ಸುರಿದರೆ ರಾಶಿಯಾಗಿ ನಿಲ್ಲುವದು, ನೀರು ರಾಶಿಯಾಗಿ ನಿಲ್ಲದು. ರಾಗಿಯ ಒಂದೊಂದು ಕಾಳೂ ಒಂದೊಂದು ಚಿಕ್ಕ ಕಲ್ಲಿನ ಹಾಗೆ ಘನಪದಾರ್ಥವೆಂದು ತೋರಿಸಿರಿ.

2. ದ್ರವಪದಾರ್ಥ. ಒಂದು ಲೋಟ ನೀರನ್ನು ತಟ್ಟೆಗೆ, ತಟ್ಟೆಯಿಂದ ಚೆಂಬಿಗೆ, ಚೆಂಬಿನಿಂದ ತಿರಿಗಿ ಲೋಟಕ್ಕೆ ಸುರಿಯಿರಿ. ಪಾತ್ರೆಗೆ ತಕ್ಕಂತೆ ನೀರಿನ ಆಕಾರವು ಬದಲಾಯಿತು. ಚೆಲ್ಲದೆ ಇದ್ದರೆ ಅಳತೆಯು ಬದಲಾಗಲಿಲ್ಲ. ಹಾಲು, ಎಣ್ಣೆ, ಮಜ್ಜಿಗೆ, ಇವೆಲ್ಲವೂ ಹೀಗೆಯೇ. ಈಗ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ, "ಉಪ್ಪು ಎಲ್ಲಿ ಹೋಯಿತು?" ಎಂದು ಕೇಳಿರಿ. ಕಣ್ಣಿಗೆ ಕಾಣಿಸದು, ಆದರೆ ನಾಲಿಗೆಗೆ ತಿಳಿಯುವದು. ಕಾಣದಿದ್ದದ್ದು ಇಲ್ಲವೆಂದಾಗದು ಎಂಬ ಮಾತನ್ನು ಇಲ್ಲಿಯೇ ಬಿತ್ತಿಡಿರಿ.

3. ಅನಿಲ, ಅಂದರೆ ವಾಯುಪದಾರ್ಥ. ಒಣಗಿದ ಬಟ್ಟೆಯ ತುಂಡನ್ನು ಲೋಟದ ತಳದಲ್ಲಿ ಬಿಗಿಯಾಗಿ ಒತ್ತಿಟ್ಟು, ಲೋಟವನ್ನು ಬೋರಲು ಮಾಡಿ, ನೆಟ್ಟಗೆ ಹಿಡಿದು ಬಕೀಟಿನ ನೀರಿನಲ್ಲಿ ಮುಳುಗಿಸಿರಿ. ಹಾಗೆಯೇ ನೆಟ್ಟಗೆ ಮೇಲಕ್ಕೆತ್ತಿ ನೋಡಿದರೆ ಬಟ್ಟೆಯು ಒಣಗಿಯೇ ಇರುವದು. ನೀರನ್ನು ಒಳಗೆ ಬಿಡದೆ ತಡೆದದ್ದು ಯಾವದು? ತಿರಿಗಿ ಮುಳುಗಿಸಿ ಲೋಟವನ್ನು ಸ್ವಲ್ಪ ಓರೆ ಮಾಡಿರಿ. ಗುಳುಗುಳು ಶಬ್ದದೊಡನೆ ಗುಳ್ಳೆಗಳು ಹೊರಡುವವು. ಅದೇ ಗಾಳಿ. ಅದು ಸ್ಥಳವನ್ನು ಹಿಡಿಯುವದು. ಅದಕ್ಕೆ ತೂಕವೂ ಉಂಟು: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರವುಳ್ಳ ಕೋಣೆಯ ಗಾಳಿಯು ಸುಮಾರು 30 ಕಿಲೋಗ್ರಾಂ ತೂಗುವದು. ಸ್ಥಳವನ್ನು ಹಿಡಿದು ತೂಕವುಳ್ಳದ್ದಾಗಿರುವದೆಲ್ಲಾ ಪದಾರ್ಥವೇ. ಅನಿಲಕ್ಕೆ ಸ್ವಂತ ಆಕಾರವಿಲ್ಲ, ಸ್ವಂತ ಅಳತೆಯೂ ಇಲ್ಲ. ಸಿಕ್ಕಿದ ಸ್ಥಳವನ್ನೆಲ್ಲಾ ತುಂಬುವದು. ಒಲೆಯ ಮೇಲಿನ ಒಗ್ಗರಣೆಯ ವಾಸನೆಯು ಬೀದಿಗೆ ಬರುವದು ಇದರಿಂದಲೇ.

4. ಸ್ಥಿತಿ ಬದಲಾಗುವ ವಿಧ. ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿರುವ ಕೊಬ್ಬರಿ ಎಣ್ಣೆಯನ್ನು ಬಿಸಿಲಿನಲ್ಲಿಟ್ಟರೆ ಕರಗುವದು. ಸುಮಾರು 24 ಡಿಗ್ರಿ ಸೆಲ್ಸಿಯಸ್ ಅದರ ಮೇರೆ. ನೀರು 0 ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವದು, ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿದು ಆವಿಯಾಗುವದು. ಕುದಿಯುವ ಪಾತ್ರೆಯ ಮುಚ್ಚಳವನ್ನು ತೆಗೆದು, ಅದರಿಂದ ತೊಟ್ಟಿಕ್ಕುವ ಹನಿಗಳನ್ನು ದೊಡ್ಡವರು ತೋರಿಸಲಿ, ಮಕ್ಕಳು ದೂರವಿರಲಿ. ಆವಿಯು ತಣ್ಣಗಾಗಿ ಪುನಃ ನೀರಾಯಿತು. ಸ್ಥಿತಿ ಬದಲಾಯಿತೇ ಹೊರತು ಪದಾರ್ಥವು ಬದಲಾಗಲಿಲ್ಲ. ಕಟ್ಟಿಗೆ ಸುಟ್ಟು ಬೂದಿಯಾಗುವದು ಹೀಗಲ್ಲ. ಬೂದಿಯು ತಿರಿಗಿ ಕಟ್ಟಿಗೆಯಾಗದು.

ಕಾರಣವನ್ನು ಆಟದಿಂದ ತಿಳಿಸಬಹುದು. ಪದಾರ್ಥಗಳೆಲ್ಲಾ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದಾಗಿವೆ. ಮಕ್ಕಳು ಒತ್ತಾಗಿ ಕೈಕೈ ಹಿಡಿದು ನಿಂತಲ್ಲಿಯೇ ಅಲುಗಾಡಲಿ, ಅದು ಘನ. ಕೈ ಬಿಟ್ಟು, ಸಂತೆಯ ಗುಂಪಿನಂತೆ ಒಬ್ಬರನ್ನೊಬ್ಬರು ಸರಿಸಿಕೊಂಡು ನಡೆಯಲಿ, ಅದು ದ್ರವ. ಬಯಲೆಲ್ಲಾ ಚದರಿ ಓಡಲಿ, ಅದು ಅನಿಲ.

5. ಎಚ್ಚರಿಕೆಯ ಪಾಠ. ಅನಿಲಗಳೆಲ್ಲಾ ಒಂದೇ ಅಲ್ಲ. ಆಳವಾದ ಪಾತ್ರೆಯಲ್ಲಿ ಎರಡು ಚಮಚ ಅಡಿಗೆ ಸೋಡಾ ಹಾಕಿ, ನಿಂಬೆಹಣ್ಣುಗಳ ರಸವನ್ನು ಹಿಂಡಿರಿ. ನೊರೆ ಅಡಗಿದ ಮೇಲೆ ದೊಡ್ಡವರೊಬ್ಬರು ಉರಿಯುವ ಕಡ್ಡಿಯನ್ನು ಒಳಗಿಳಿಸಲಿ. ರಸಕ್ಕೆ ತಗಲುವ ಮುಂಚೆಯೇ ಅದು ನಂದುವದು. ಅಲ್ಲಿ ಕಾಣದೆ ತುಂಬಿರುವದು ಅಂಗಾರಾಮ್ಲವಾಯು; ಈಗಿನ ಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್. ಅದು ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದ್ದರಿಂದ ತಗ್ಗಿನಲ್ಲಿಯೇ ನಿಲ್ಲುವದು.

ಉತ್ತರ ಕರ್ನಾಟಕದಲ್ಲಿ ಜೋಳವನ್ನು ತುಂಬಿಡುತ್ತಿದ್ದ ಹಗೇವುಗಳನ್ನು ಬಲ್ಲವರು ಇದನ್ನು ಕೇಳಿರಿ. ಕಾಳುಗಳೂ ಉಸಿರಾಡುವವು. ಮುಚ್ಚಿದ ಹಗೇವಿನಲ್ಲಿ ಅವು ಪ್ರಾಣವಾಯುವನ್ನು ತೀರಿಸಿ ಅಂಗಾರಾಮ್ಲವಾಯುವನ್ನು ಬಿಡುವವು. ತೇವವೂ ಬೂಷ್ಟೂ ಸೇರಿದರೆ ಅದು ಇನ್ನೂ ಹೆಚ್ಚು. ಆದಕಾರಣ ಬರಿದೆಂದು ಕಾಣುವ ಹಗೇವಿಗೆ ಇಳಿದವನು ಕೂಗುವದಕ್ಕೂ ಆಗದೆ ಕುಸಿಯುವನು. ಅವನನ್ನು ಎತ್ತಲಿಕ್ಕೆ ಇಳಿದ ಎರಡನೆಯವನೂ ಹಾಗೆಯೇ ಬೀಳುವನು. ಪಾಳುಬಾವಿಯಲ್ಲಿಯೂ ಕಕ್ಕಸು ಗುಂಡಿಯಲ್ಲಿಯೂ ಇಂಥ ಅಪಾಯ ಉಂಟು.

ಹಗೇವಿನೊಳಗೆ ದೀಪವನ್ನು ಇಳಿಬಿಟ್ಟು ನೋಡುವದು ಹಿರಿಯರ ವಾಡಿಕೆ. ದೀಪ ನಂದಿದರೆ ಅಪಾಯವು ನಿಶ್ಚಯ. ನಂದದಿದ್ದರೆ ಅಪಾಯವಿಲ್ಲವೆಂದು ಮಾತ್ರ ಹೇಳಕೂಡದು. ಕಕ್ಕಸು ಗುಂಡಿಗೂ ಗೋಬರ್ ಗ್ಯಾಸ್ ಗುಂಡಿಗೂ ದೀಪವನ್ನು ತರಲೇಬಾರದು. ಅಲ್ಲಿಯ ಅನಿಲವು ಹೊತ್ತಿ ಸಿಡಿಯಬಹುದು. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯದೆ, ಜನರನ್ನು ಕೂಗಿ, ಕೂಡಲೇ 112ಕ್ಕೆ ಫೋನು ಮಾಡಿರಿ. ಗಾಳಿಯ ಸಿಲಿಂಡರು ಹೊತ್ತ ಅಗ್ನಿಶಾಮಕ ದಳದವರೇ ಅಲ್ಲಿ ಇಳಿಯತಕ್ಕವರು. ಚೆಂಡು ಬಿದ್ದರೂ ಕೊಡ ಬಿದ್ದರೂ ಇಳಿಯಬಾರದೆಂದು ಮಕ್ಕಳಿಗೆ ಹೇಳಿರಿ. ಯಾಕೆ ಎಂಬದನ್ನು ಲೋಟವೂ ಕಡ್ಡಿಯೂ ಅವರಿಗೆ ಮೊದಲೇ ತೋರಿಸಿರುವವು.

ಮಕ್ಕಳನ್ನು ಕೇಳತಕ್ಕ ಪ್ರಶ್ನೆಗಳು:
1. ರಾಗಿಯು ಘನವೋ ದ್ರವವೋ? ಹೇಗೆ ಬಲ್ಲೆ?
2. ನೀರಿನಲ್ಲಿ ಮುಳುಗಿದ ಲೋಟದ ಬಟ್ಟೆ ಯಾಕೆ ನೆನೆಯಲಿಲ್ಲ?
3. ಮುಚ್ಚಳದ ಮೇಲಿನ ಹನಿಗಳು ಎಲ್ಲಿಂದ ಬಂದವು?
4. ಬರಿದಾದ ಹಗೇವಿನಲ್ಲಿ ಏನಿರಬಹುದು?
5. ಬರಿದಾದ ತಂಬಿಗೆಯೊಳಗೆ ಏನಿದೆ?