ನಕ್ಷತ್ರದರ್ಶನಾರ್ಥವಾದ ರಾತ್ರಿಪ್ರವಾಸ

ಪುಸ್ತಕವನ್ನು ಓದಿ ಕಲಿಯಬಹುದಾದ ವಿಷಯಗಳು ಅನೇಕವಿರುವುವು. ಆದರೆ ಕತ್ತಲೆಯಲ್ಲಿ ನಿಂತು ತಲೆಯೆತ್ತಿ ನೋಡಿದಲ್ಲದೆ ಮನಸ್ಸಿಗೆ ಹತ್ತದ ವಿಷಯವೊಂದುಂಟು; ಅದು ಆಕಾಶವು. ಈ ಕಾಲದಲ್ಲಿ ಅನೇಕ ದೇಶಗಳ ಜನರು ಗುಂಪುಗೂಡಿ, ದೀಪಗಳಿಲ್ಲದ ದೂರದ ಸ್ಥಳಗಳಿಗೆ ಹೋಗಿ, ಒಂದು ರಾತ್ರಿಯನ್ನು ನಕ್ಷತ್ರಗಳ ಕೆಳಗೆ ಕಳೆದು ಬರುವ ರೂಢಿಯನ್ನು ಇಟ್ಟುಕೊಂಡಿದ್ದಾರೆ. ಕೆಲವರು ಸಮುದ್ರವನ್ನು ದಾಟಿ ಚಿಲಿ ದೇಶದ ಅಟಕಾಮಾ ಮರುಭೂಮಿಗೂ, ಆಫ್ರಿಕದ ನಮೀಬಿಯಾ ದೇಶಕ್ಕೂ ಹೋಗುವುದುಂಟು. ಇಂಥ ಪ್ರವಾಸದಿಂದ ಪ್ರಯೋಜನವೇನು? ಹುಮನಾಬಾದು ತಾಲೂಕಿನ ದುಬಲಗುಂಡಿಯಂಥ ಊರಿನ ಹೆಣ್ಣುಮಗಳು ಅದಕ್ಕಾಗಿ ಎಷ್ಟು ದೂರ ಹೋಗಬೇಕು? ಈ ಎರಡು ಪ್ರಶ್ನೆಗಳನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಟ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಕತ್ತಲೆ ಏಕೆ ಬೇಕು?

ಪಟ್ಟಣದಲ್ಲಿ ನಕ್ಷತ್ರಗಳು ಕಡಿಮೆಯಾಗಿ ಕಾಣುವುದು ಅವುಗಳ ಕಾಂತಿ ಕುಂದಿದ್ದರಿಂದಲ್ಲ. ಬೀದಿಯ ದೀಪಗಳಿಂದ ಮೇಲಕ್ಕೆ ಹೋದ ಬೆಳಕು ವಾಯುವಿನ ಕಣಗಳಿಗೂ ಧೂಳಿಗೂ ತಗಲಿ ಎಲ್ಲಾ ಕಡೆಗೂ ಚದರಿ, ಆಕಾಶವನ್ನೇ ಮಬ್ಬುಬಿಳುಪಾಗಿ ಮಾಡುತ್ತದೆ. ಕರಿಯ ಕಂಬಳಿಯ ಮೇಲೆ ಚೆಲ್ಲಿದ ಜೋಳದ ಕಾಳು ಎದ್ದು ಕಾಣುವುದು. ಅದೇ ಕಾಳು ಬಿಳಿಯ ಧೋತರದ ಮೇಲೆ ಬಿದ್ದರೆ ಹುಡುಕಬೇಕಾಗುವುದು. ಕಾಳು ಬದಲಾಗಲಿಲ್ಲ, ಹಿನ್ನೆಲೆ ಬದಲಾಯಿತು. ನಿಜವಾದ ಕತ್ತಲೆಯಲ್ಲಿ ನಿಂತವರಿಗೆ ಒಮ್ಮೆಗೆ ಸುಮಾರು 2,500 ರಿಂದ 3,000 ನಕ್ಷತ್ರಗಳು ಬರಿಗಣ್ಣಿಗೆ ಕಾಣುತ್ತವೆ. ದೊಡ್ಡ ಪಟ್ಟಣದ ನಡುವೆ ನಿಂತವರಿಗೆ ಕೆಲವು ಹತ್ತುಗಳು ಕಂಡರೆ ಹೆಚ್ಚು. ಆಕಾಶಗಂಗೆಯಂತೂ ಅಲ್ಲಿ ಸಂಪೂರ್ಣವಾಗಿ ಅಳಿದುಹೋಗಿರುತ್ತದೆ. ಅಮೆರಿಕದ ಜಾನ್ ಬಾರ್ಟಲ್ ಎಂಬವರು 2001ರಲ್ಲಿ ಆಕಾಶದ ಕತ್ತಲೆಯನ್ನು ಒಂಬತ್ತು ತರಗತಿಗಳಾಗಿ ವಿಭಾಗಿಸಿದರು. ಒಂದನೆಯದು ಅತ್ಯಂತ ಕತ್ತಲೆಯದು, ಒಂಬತ್ತನೆಯದು ಪಟ್ಟಣದ ಮಧ್ಯದ್ದು.

ಕಣ್ಣಿಗೂ ಸಿದ್ಧತೆ ಬೇಕು. ಬೆಳಕಿನಿಂದ ಹೊರಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷಗಳು ಹಿಡಿಯುವುವು. ಕೈದೀಪವನ್ನಾಗಲಿ ಮೊಬೈಲನ್ನಾಗಲಿ ಒಂದು ಕ್ಷಣ ನೋಡಿದರೂ ಆ ಸಿದ್ಧತೆ ಕೆಡುವುದು. ಆದಕಾರಣ ಆಕಾಶವನ್ನು ಅಭ್ಯಾಸಮಾಡುವವರು ದೀಪಕ್ಕೆ ಕೆಂಪು ಬಟ್ಟೆಯನ್ನು ಕಟ್ಟುತ್ತಾರೆ. ಮಂದವಾದ ಕೆಂಪು ಬೆಳಕು ರಾತ್ರಿದೃಷ್ಟಿಗೆ ಅಷ್ಟು ಹಾನಿ ಮಾಡದು.

ಕತ್ತಲೆಯನ್ನು ಅರಸಿ ನಡೆದ ವೇಧಶಾಲೆಗಳು

ದುಬಲಗುಂಡಿಯೂ ಬೀದರ ಸೀಮೆಯೂ 1956ರ ವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವಷ್ಟೆ. ಆ ರಾಜ್ಯದ ನವಾಬ ಜಫರ್ ಜಂಗ್ ಎಂಬವರು 1901ರಲ್ಲಿ ಸ್ವಂತ ಆಸಕ್ತಿಯಿಂದ ಹೈದರಾಬಾದಿನಲ್ಲಿ ಒಂದು ವೇಧಶಾಲೆಯನ್ನು ಸ್ಥಾಪಿಸಿದರು. ಅದೇ ನಿಜಾಮಿಯಾ ವೇಧಶಾಲೆ. ಅವರ ತರುವಾಯ 1908ರಲ್ಲಿ ಅದು ಸರಕಾರಕ್ಕೆ ಸೇರಿತು, ಬೇಗಂಪೇಟೆಯಲ್ಲಿ ನೆಲೆಗೊಂಡಿತು, 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಶಕ್ಕೆ ಬಂತು. ಕಾಲಕ್ರಮದಲ್ಲಿ ಹೈದರಾಬಾದು ಬೆಳೆಯಿತು, ದೀಪಗಳು ಹೆಚ್ಚಿದುವು. ಆಗ ಪಟ್ಟಣದಿಂದ ಸುಮಾರು 50 ಕಿಲೋಮೀಟರಿಗೂ ಆಚೆ ಜಪಾಲ್-ರಂಗಾಪುರದಲ್ಲಿ ಹೊಸ ಸ್ಥಳವನ್ನು ಆರಿಸಿ, 1960ರ ದಶಕದ ಕೊನೆಗೆ 48 ಅಂಗುಲದ ದೂರದರ್ಶಕವನ್ನು ಅಲ್ಲಿ ನಿಲ್ಲಿಸಬೇಕಾಯಿತು. ದೀಪವು ಬಂದಲ್ಲಿಂದ ವಿದ್ಯೆಯು ಎದ್ದು ಹೋಗಬೇಕಾದ ವಿಚಿತ್ರವನ್ನು ಇಲ್ಲಿ ಕಾಣಬಹುದು.

ನಿಜಾಮಿಯಾ ವೇಧಶಾಲೆಯು ಪಾಲುಗೊಂಡ ಮಹಾಕಾರ್ಯವೊಂದನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯತಕ್ಕದ್ದು. 1887ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ವಿದ್ವಾಂಸರು, ಇಡೀ ಆಕಾಶವನ್ನು ಪಟ್ಟಿಗಳಾಗಿ ಹಂಚಿಕೊಂಡು, ಗಾಜಿನ ಫಲಕಗಳ ಮೇಲೆ ಛಾಯಾಚಿತ್ರ ತೆಗೆದು, ನಕ್ಷತ್ರಗಳ ಪಟ್ಟಿಯನ್ನು ರಚಿಸಬೇಕೆಂದು ನಿಶ್ಚಯಿಸಿದರು. ಹೈದರಾಬಾದಿಗೆ ಬಂದ ಪಾಲಿನಲ್ಲಿ ಏಳು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ಸ್ಥಾನಗಳನ್ನು ಅಳೆಯಲಾಯಿತು. ಇದೇ ಕಾರ್ಯದಲ್ಲಿ ರೋಮಿನ ವ್ಯಾಟಿಕನ್ ವೇಧಶಾಲೆಯ ಪಾಲನ್ನು ಅಳೆದವರು ನಾಲ್ವರು ಸನ್ಯಾಸಿನಿಯರು: ಎಮಿಲಿಯಾ ಪೊಂಜೋನಿ, ರೆಜೀನಾ ಕೊಲೊಂಬೊ, ಕೊಂಚೆತ್ತಾ ಫಿನಾರ್ದಿ, ಲುಯಿಜಿಯಾ ಪಂಚೇರಿ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಬ್ಬರು ಅಂಕಿಗಳನ್ನು ಓದುವರು, ಇನ್ನೊಬ್ಬರು ಬರೆದುಕೊಳ್ಳುವರು. ಹೀಗೆ 1910ರಿಂದ 1921ರ ವರೆಗೆ ದುಡಿದು 4,81,215 ನಕ್ಷತ್ರಗಳನ್ನು ಅವರು ಅಳೆದರು. ಆದರೆ ಅವರ ಹೆಸರುಗಳು ಬಹುಕಾಲ ಮರೆವಿಗೆ ಸಂದಿದ್ದುವು. 2016ರಲ್ಲಿ ಹಳೆಯ ಕಾಗದಗಳಿಂದ ಅವು ಮತ್ತೆ ಬೆಳಕಿಗೆ ಬಂದುವು. ಆಕಾಶವನ್ನು ಅಳೆಯುವ ಕೆಲಸಕ್ಕೆ ಸ್ತ್ರೀಯರ ತಾಳ್ಮೆಯೂ ಸೂಕ್ಷ್ಮಬುದ್ಧಿಯೂ ಎಷ್ಟು ಉಪಯುಕ್ತವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಚರಿತ್ರೆಯೂ ಇಂಥ ಪ್ರಯಾಣವೇ. ಮದರಾಸಿನಲ್ಲಿ 1792ರಲ್ಲಿ ಕಟ್ಟಿದ ವೇಧಶಾಲೆಯ ಪರಂಪರೆಯು, ನಿರ್ಮಲವಾದ ವಾಯುವನ್ನು ಅರಸಿ 1899ರಲ್ಲಿ ಕೊಡೈಕನಾಲಿನ ಬೆಟ್ಟಕ್ಕೂ, ಕತ್ತಲೆಯ ಆಕಾಶವನ್ನು ಅರಸಿ 1968ರಲ್ಲಿ ಜವ್ವಾದಿ ಬೆಟ್ಟಗಳ ಕಾವಲೂರಿಗೂ, ಕೊನೆಗೆ 2000ದಲ್ಲಿ ಲಡಾಖಿನ ಹಾನ್ಲೆಗೂ ಹೋಯಿತು. ಹಾನ್ಲೆಯ ವೇಧಶಾಲೆಯು ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಎತ್ತರದಲ್ಲಿದೆ. ಅಲ್ಲಿಯ ಎರಡು ಮೀಟರು ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ನಮ್ಮ ಕರ್ನಾಟಕದ ಹೊಸಕೋಟೆಯಲ್ಲಿ ಕುಳಿತೇ ನಡೆಯಿಸುತ್ತಾರೆ. 2019ರಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿ ನೇಮಕವಾದವರು ಅನ್ನಪೂರ್ಣಿ ಸುಬ್ರಮಣಿಯಂ ಎಂಬ ವಿದುಷಿ. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಅಲ್ಲಿಯ ಹಳ್ಳಿಗರು ಕಿಟಕಿಗಳಿಗೆ ದಪ್ಪ ತೆರೆಗಳನ್ನು ಹಾಕಿ, ದೀಪಗಳಿಗೆ ಮರೆಮಾಡಿ ಕತ್ತಲೆಯನ್ನು ಕಾಯುತ್ತಾರೆ. ಅವರಲ್ಲಿ ಕೆಲವರು ಶಿಕ್ಷಣ ಹೊಂದಿ, ಬಂದ ಪ್ರವಾಸಿಗಳಿಗೆ ದೂರದರ್ಶಕದಲ್ಲಿ ಆಕಾಶವನ್ನು ತೋರಿಸಿ ಜೀವನಕ್ಕೂ ದಾರಿ ಮಾಡಿಕೊಂಡಿದ್ದಾರೆ. ಈ ಕೆಲಸದಲ್ಲಿ ಸ್ತ್ರೀಯರೂ ಅನೇಕರಿರುವರು.

ನಮ್ಮ ಊರಿನ ಆಕಾಶದ ಭಾಗ್ಯ

ಹಾಗಾದರೆ ಎಲ್ಲರೂ ಹಾನ್ಲೆಗೆ ಹೋಗಬೇಕೋ? ಹೋಗಲು ಶಕ್ತರಾದವರು ಹೋಗಲಿ. ಆದರೆ ಮನೆಯ ಮೇಲಿನ ಆಕಾಶದ ಬೆಲೆಯನ್ನು ಮೊದಲು ಅರಿಯಲಿ. ಇಲ್ಲಿ ಒಂದು ಸುಲಭವಾದ ಲೆಕ್ಕವುಂಟು. ಧ್ರುವನಕ್ಷತ್ರವು ಯಾವ ಊರಿನಲ್ಲಾದರೂ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುವುದು. ದುಬಲಗುಂಡಿಯ ಸೀಮೆಯ ಅಕ್ಷಾಂಶ ಸುಮಾರು 17¾ ಅಂಶ. ತೋಳನ್ನು ನೀಡಿ ಮುಷ್ಟಿಯನ್ನು ಹಿಡಿದರೆ ಅದು ಸುಮಾರು 10 ಅಂಶಗಳಷ್ಟಾಗುವುದು. ಆದುದರಿಂದ ನಮ್ಮಲ್ಲಿ ಧ್ರುವನು ಉತ್ತರದ ದಿಗಂತದಿಂದ ಎರಡು ಮುಷ್ಟಿಗಳಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿರುವನು. ಹಾನ್ಲೆಯಲ್ಲಿ ಅವನು ಸುಮಾರು 33 ಅಂಶ, ಎಂದರೆ ಮೂರು ಮುಷ್ಟಿಗೂ ಮೇಲೆ ಏರಿರುವನು.

ಧ್ರುವನು ಏರಿದಷ್ಟು ದಕ್ಷಿಣದ ನಕ್ಷತ್ರಗಳು ಇಳಿಯುವುವು. ಅಗಸ್ತ್ಯನಕ್ಷತ್ರವು ನಮ್ಮಲ್ಲಿ ದಕ್ಷಿಣ ದಿಗಂತದ ಮೇಲೆ ಸುಮಾರು 19½ ಅಂಶ ಏರುತ್ತದೆ; ಹಾನ್ಲೆಯಲ್ಲಿ 5 ಅಂಶವೂ ಏರದು. ತ್ರಿಶಂಕು ಅಥವಾ ದಕ್ಷಿಣದ ಶಿಲುಬೆ ಎಂಬ ನಕ್ಷತ್ರಪುಂಜವು ನಮ್ಮಲ್ಲಿ ಸುಮಾರು 12 ಅಂಶ ಎತ್ತರದಲ್ಲಿ ನೆಟ್ಟಗೆ ನಿಲ್ಲುವುದು. ಹಾನ್ಲೆಯಲ್ಲಿ ಅದರ ಪೂರ್ಣಾಕೃತಿ ದಿಗಂತದ ಮೇಲಕ್ಕೆ ಬರುವುದೇ ಇಲ್ಲ. ಇಂಗ್ಲೆಂಡಿನಲ್ಲಂತೂ ಇವೆರಡೂ ಎಂದೂ ಕಾಣವು. ಆದಕಾರಣವೇ ಸರ್ ಜಾನ್ ಹರ್ಷೆಲ್ ಎಂಬ ಮಹಾವಿದ್ವಾಂಸನು ದಕ್ಷಿಣದ ಆಕಾಶವನ್ನು ಅಭ್ಯಾಸಮಾಡಲು ಹೆಂಡತಿ ಮಕ್ಕಳೊಡನೆ ಹಡಗು ಹತ್ತಿ, 1834ರಿಂದ 1838ರ ವರೆಗೆ ಆಫ್ರಿಕದ ಗುಡ್ ಹೋಪ್ ಭೂಶಿರದಲ್ಲಿ ವಾಸಮಾಡಿದನು. ಅಲ್ಲಿ ಹುಟ್ಟಿದ ಅವನ ಮಗನು, ತಂದೆಯ ಹೆಸರಿನವನೇ, 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನಮ್ಮ ಜಮಖಂಡಿಯಲ್ಲಿ ಮೋಡಗಳ ನಡುವೆ ನೋಡಿ ಪರೀಕ್ಷಿಸಿದನು. ಪರದೇಶದವರು ತಿಂಗಳುಗಟ್ಟಲೆ ಪ್ರಯಾಣಮಾಡಿ ಕಂಡ ನಕ್ಷತ್ರಗಳು ನಮ್ಮ ತೊಗರಿಯ ಹೊಲದ ಬದುವಿನ ಮೇಲೆಯೇ ಮೂಡುತ್ತವೆ. ನೋಡುವವರು ಮಾತ್ರ ಕಡಿಮೆ.

ರೈತರ ಮನೆಯಲ್ಲಿ ನಕ್ಷತ್ರಗಳ ಹೆಸರುಗಳನ್ನು ಅರಿಯದವರಿಲ್ಲ. ರೋಹಿಣಿ ಮಳೆ, ಮೃಗಶಿರ ಮಳೆ, ಆರ್ದ್ರಾ ಮಳೆ ಎಂದು ಬಾಯಿಪಾಠವಾಗಿ ಹೇಳುವರು. ಆದರೆ ಮೃಗಶಿರ ಮಳೆಯ ಕಾಲದಲ್ಲಿ ಮೃಗಶಿರ ನಕ್ಷತ್ರವನ್ನು ತೋರಿಸೆಂದರೆ ಯಾರೂ ತೋರಿಸಲಾರರು. ಸೂರ್ಯನು ಆ ನಕ್ಷತ್ರದ ಕಡೆಯಲ್ಲಿ ಇರುವ ಜೂನ್ ತಿಂಗಳ ದಿನಗಳಿಗೇ ಆ ಹೆಸರು; ಆಗ ಆ ನಕ್ಷತ್ರವು ಹಗಲಿನಲ್ಲಿ ಸೂರ್ಯನೊಡನೆ ಮೂಡಿ ಸೂರ್ಯನೊಡನೆ ಮುಳುಗುವುದು. ಅದನ್ನು ಕಣ್ಣಾರೆ ಕಾಣಬೇಕಾದರೆ ಆರು ತಿಂಗಳು ಕಾದು, ಚಳಿಗಾಲದ ರಾತ್ರಿಯಲ್ಲಿ ನೋಡಬೇಕು.

ಪ್ರವಾಸದ ಕ್ರಮ

ಜನವರಿಯ ಕೊನೆ ಅಥವಾ ಫೆಬ್ರವರಿಯ ಮೊದಲಲ್ಲಿ ಅಮಾವಾಸ್ಯೆಗೆ ಸಮೀಪವಾದ ರಾತ್ರಿಯನ್ನು ಆರಿಸತಕ್ಕದ್ದು. ಸಂಜೆಯಾದ ಕೂಡಲೆ ಕೃತ್ತಿಕೆ, ರೋಹಿಣಿ ನೆತ್ತಿಯ ಸಮೀಪದಲ್ಲಿರುವುವು. ಮೃಗಶಿರ, ಆರ್ದ್ರೆಗಳು ಅವನ್ನು ಹಿಂಬಾಲಿಸುವುವು. ಹತ್ತು ಗಂಟೆಯ ಸುಮಾರಿಗೆ ಅಗಸ್ತ್ಯನು ದಕ್ಷಿಣದಲ್ಲಿ ತನ್ನ ಪೂರ್ಣ ಎತ್ತರಕ್ಕೆ ಬರುವನು. ಮಧ್ಯರಾತ್ರಿಯ ಹೊತ್ತಿಗೆ ಪೂರ್ವದಲ್ಲಿ ಚಿತ್ತೆ, ಸ್ವಾತಿ ಮೂಡುವುವು. ತರುವಾಯ ಸಪ್ತರ್ಷಿಮಂಡಲವು ಉತ್ತರದಲ್ಲಿ ಎತ್ತರಕ್ಕೇರುವುದು. ವಸಿಷ್ಠನ ಪಕ್ಕದ ಅರುಂಧತಿಯನ್ನು ಯಾರ ಕಣ್ಣು ಗುರುತಿಸುವುದೆಂದು ಆಗ ಪರೀಕ್ಷಿಸಿರಿ. ನಸುಕಿನ ನಾಲ್ಕು ಗಂಟೆಗೆ ತ್ರಿಶಂಕುವು ದಕ್ಷಿಣದಲ್ಲಿ ನಿಲ್ಲುವುದು. ಆಗ್ನೇಯದಲ್ಲಿ ಜ್ಯೇಷ್ಠೆಯು ಮೂಡಿರುವುದು. ಹೀಗೆ ಒಂದೇ ರಾತ್ರಿಯಲ್ಲಿ ಇಪ್ಪತ್ತೇಳು ನಕ್ಷತ್ರಗಳಲ್ಲಿ ಹದಿನೈದಕ್ಕೂ ಹೆಚ್ಚು ಕಣ್ಣ ಮುಂದೆ ಹಾದುಹೋಗುವುವು. ಭೂಮಿಯು ತಿರುಗುತ್ತದೆಂಬುದನ್ನು ಯಾರ ಬಾಯಿಂದಲೂ ಕೇಳಬೇಕಾಗಿಲ್ಲ. ಸಂಜೆಯಲ್ಲಿ ಒಂದು ಗಂಟೆ ನೋಡಿ ಮನೆಗೆ ಮರಳಿದವರಿಗೆ ಈ ಪಾಠವು ಲಭಿಸದು. ರಾತ್ರಿಯೆಲ್ಲಾ ತಂಗಬೇಕೆಂಬುದರ ಕಾರಣವು ಇದೇ.

ಹೆದ್ದಾರಿಯ ದೀಪಗಳಿಗೆ ದೂರವಾದ, ಪರಿಚಿತರ ಹೊಲವಾಗಲಿ ಮಾಳಿಗೆಯಾಗಲಿ ಸಾಕು. ಕಂಬಳಿ, ಕುಡಿಯುವ ನೀರು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಾಲಿಗೆ ಬೂಟು, ಕೆಂಪು ಬಟ್ಟೆ ಕಟ್ಟಿದ ಕೈದೀಪ, ಒಂದು ನೋಟುಪುಸ್ತಕ: ಇಷ್ಟು ಸಾಮಾನುಗಳು ಬೇಕು. ದೂರದರ್ಶಕವಿಲ್ಲದಿದ್ದರೆ ಚಿಂತೆಯಿಲ್ಲ. ಗಂಟೆಗೊಮ್ಮೆ ಒಂದೊಂದು ನಕ್ಷತ್ರದ ಎತ್ತರವನ್ನು ಮುಷ್ಟಿಯಿಂದ ಅಳೆದು ಬರೆದುಕೊಳ್ಳತಕ್ಕದ್ದು. ಉಪಾಧ್ಯಾಯಿನಿಯರೊಡನೆ ಇಬ್ಬರು ಮೂವರು ತಾಯಂದಿರೂ ಬರುವುದು ಯುಕ್ತ; ಅವರಿಂದ ಕಾವಲೂ ಆಗುವುದು, ಅವರಿಗೆ ಪಾಠವೂ ಆಗುವುದು.

ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಗಂಡುಮಕ್ಕಳು ಬೆಳೆ ಕಾಯಲು ಹೊಲದಲ್ಲಿ ಮಲಗುತ್ತಾರೆ. ಬೇಕೆನ್ನಲಿ ಬೇಡವೆನ್ನಲಿ, ಮಧ್ಯರಾತ್ರಿಯ ಆಕಾಶವು ಅವರಿಗೆ ಪರಿಚಿತವಾಗುತ್ತದೆ. ಅದೇ ಮನೆಯ ಮಗಳು ಖಗೋಲಪಾಠದಲ್ಲಿ ಮೊದಲನೆಯವಳಾಗಿ ಉತ್ತೀರ್ಣಳಾದರೂ, ಕಿಟಕಿಯ ಚೌಕಟ್ಟಿನಷ್ಟೇ ಆಕಾಶವನ್ನು ಕಂಡು ಗಂಡನ ಮನೆಗೆ ಹೋಗುತ್ತಾಳೆ. ನಿಮ್ಮ ಚಿಂತೆಯು ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರವು ಬಾಗಿಲನ್ನು ಹಾಕುವುದಲ್ಲ, ಜೊತೆಯಲ್ಲಿ ಬರುವುದು. ವರುಷಕ್ಕೆ ಒಂದೇ ರಾತ್ರಿ ಸಾಕು.

ಇನ್ನೊಂದು ಮಾತನ್ನು ಪೂರ್ವ ವಿದ್ಯಾರ್ಥಿನಿಯರಿಗೆ ಹೇಳಬೇಕಾಗಿದೆ. ಮನೆ ಕಟ್ಟಿಸುವಾಗ ಅಂಗಳದ ದೀಪಕ್ಕೆ ಮೇಲುಮರೆಯನ್ನು ಹಾಕಿಸಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿರಿ, ಬೇಡವಾದಾಗ ಆರಿಸಿರಿ. ಅದರಿಂದ ದಾರಿಗೆ ಬೆಳಕೂ ಉಂಟು, ವಿದ್ಯುತ್ತಿನ ಮಿತವ್ಯಯವೂ ಉಂಟು, ಆಕಾಶಕ್ಕೆ ಕೇಡೂ ಇಲ್ಲ. ಜಪಾಲ್-ರಂಗಾಪುರಕ್ಕೆ ಹೋದ ವೇಧಶಾಲೆಯಂತೆ ಒಂದು ಊರು ಎದ್ದು ಕತ್ತಲೆಯ ಕಡೆಗೆ ಹೋಗಲಾರದು. ಊರಿನವರೇ ತಮ್ಮ ಮೇಲಿನ ಕತ್ತಲೆಯನ್ನು ಉಳಿಸಿಕೊಂಡರೆ, ದುಬಲಗುಂಡಿಯ ಮೊಮ್ಮಗಳೂ ಅಗಸ್ತ್ಯನನ್ನು ತನ್ನ ಹೊಲದಲ್ಲಿಯೇ ನಿಂತು ಕಂಡಾಳು.