ಪೈನ್ ಫ್ರೇಮಿಗೆ ಮೊದಲು ಅರಗು, ಆಮೇಲೆ ಬಣ್ಣ

ಕಳೆದ ಸೆಮಿಸ್ಟರ್ ಕೊನೆಗೆ ನಮ್ಮ ವರ್ಕ್‌ಶಾಪಿನ ಹಿರಿಯ ಇನ್‌ಸ್ಟ್ರಕ್ಟರ್ ನಿವೃತ್ತರಾದರು. ಬ್ಯಾಚ್ ಫೋಟೋಗೆ ಅಂಗಡಿ ಫ್ರೇಮ್ ಬೇಡ, ನಾವೇ ಮಾಡಿಕೊಡೋಣ ಅಂತ ಹೊರಟೆವು. ಲ್ಯಾಬಿಗೆ ಮಷೀನ್ ಬಂದಿದ್ದ ಪೆಟ್ಟಿಗೆಯ ಪೈನ್ ಹಲಗೆ ಸಿಕ್ತು. ಕೊಯ್ದಿದ್ದು, ಮೂಲೆ ಕೂಡಿಸಿದ್ದು ಎಲ್ಲಾ ಸರಿಯಾಯ್ತು. ಆದರೆ ವಾಲ್‌ನಟ್ ಬಣ್ಣದ ಸ್ಟೇನ್ ಹಚ್ಚಿದ್ದೇ ತಡ, ಫ್ರೇಮ್ ತುಂಬಾ ಕಲೆ. ಒಂದು ಕಡೆ ಕಪ್ಪು, ಪಕ್ಕದಲ್ಲೇ ಪೇಲವ. ಬೀಳ್ಕೊಡುಗೆಗೆ ಉಳಿದಿದ್ದು ಮೂರೇ ದಿನ.

ತಪ್ಪು ಸ್ಟೇನಿನದಲ್ಲ. ಪೈನ್ ಮರದ ಪ್ರತಿ ವರ್ಷದ ಉಂಗುರದಲ್ಲೂ ಎರಡು ಪದರ ಇರುತ್ತವೆ. ಋತುವಿನ ಆರಂಭದಲ್ಲಿ ಬೇಗ ಬೆಳೆದ ಪದರ ಮೆದು. ಅದರ ಕೋಶಗಳ ಗೋಡೆ ತೆಳು, ಹಾಗಾಗಿ ಬಣ್ಣವನ್ನು ಗಟಗಟ ಕುಡಿಯುತ್ತೆ. ಕೊನೆಯಲ್ಲಿ ಬೆಳೆದ ಪದರ ಗಟ್ಟಿ, ಅಷ್ಟು ಹೀರಲ್ಲ. ರಾಳ ಇರುವ ಗಂಟುಗಳು ಬೇರೆ. ಅಂದಮೇಲೆ ಬಣ್ಣಕ್ಕಿಂತ ಮೊದಲು ಹೀರುವಿಕೆಯನ್ನು ಹದಕ್ಕೆ ತರಬೇಕು. ಹಳೇ ಬಣ್ಣವನ್ನು 80 ಗ್ರಿಟ್‌ನಲ್ಲಿ ಉಜ್ಜಿ ತೆಗೆದು, ನಾವು ಮತ್ತೆ ಮಾಡಿದ್ದು ಹೀಗೆ.

1. ಮರದ ಎಳೆಯ ದಿಕ್ಕಿನಲ್ಲೇ 120, ನಂತರ 180 ಗ್ರಿಟ್ ಸ್ಯಾಂಡ್‌ಪೇಪರ್ ಉಜ್ಜಿ. ಮೂಲೆಯಲ್ಲಿ ಉಕ್ಕಿದ ಅಂಟನ್ನು ಪೂರ್ತಿ ಕೆರೆಯಿರಿ; ಅಂಟಿದ್ದ ಕಡೆ ಬಣ್ಣ ಹಿಡಿಯಲ್ಲ.

2. 100 ಮಿ.ಲೀ. ಪಾಲಿಶ್ ಸ್ಪಿರಿಟ್‌ಗೆ ಸುಮಾರು 10 ಗ್ರಾಂ ಷೆಲ್ಯಾಕ್ ಚಕ್ಕೆ ಹಾಕಿ ರಾತ್ರಿಯಿಡೀ ಬಿಡಿ. ಷೆಲ್ಯಾಕ್ ಅಂದರೆ ನಮ್ಮ ಅರಗೇ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡೋದೂ ಅರಗೇ. ಒಂದು ತೆಳು ಕೋಟ್ ಹಚ್ಚಿ, ಗಂಟಿಗೆ ಎರಡು. ಸ್ಪಿರಿಟ್ ಬೇಗ ಆರುತ್ತೆ, ಹಚ್ಚಿದ ಕಡೆ ಮತ್ತೆ ಬ್ರಷ್ ಎಳೆಯಬೇಡಿ. ಹತ್ತಿರ ಬೆಂಕಿ ಇರಬಾರದು.

3. ಒಂದು ಗಂಟೆ ಬಿಟ್ಟು 320 ಗ್ರಿಟ್‌ನಲ್ಲಿ ಹಗುರಾಗಿ ಸವರಿ, ಧೂಳು ಒರೆಸಿ.

4. ಈಗ ಸ್ಟೇನ್ ಹಚ್ಚಿ, ಮಿಕ್ಕಿದ್ದನ್ನು ಒರೆಸಿ. ಬಣ್ಣ ಮೊದಲಿಗಿಂತ ತಿಳಿಯಾಗಿ ಬರುತ್ತೆ, ಆದರೆ ಸಮವಾಗಿ ಬರುತ್ತೆ. ಸ್ಪಿರಿಟ್ ಆಧಾರದ ಸ್ಟೇನ್ ಮಾತ್ರ ಬೇಡ, ಅದು ಕೆಳಗಿನ ಅರಗನ್ನೇ ಕರಗಿಸುತ್ತೆ.

5. ಪೂರ್ತಿ ಒಣಗಿದ ಮೇಲೆ ಅದೇ ಷೆಲ್ಯಾಕ್ ಎರಡು ಮೂರು ಕೋಟ್. ಗೋಡೆ ಮೇಲಿನ ಫ್ರೇಮಿಗೆ ಇಷ್ಟು ಸಾಕು.

ಎರಡು ಎಚ್ಚರಿಕೆ. ಪೆಟ್ಟಿಗೆ ಹಲಗೆ ಮೇಲೆ ಎಚ್‌ಟಿ ಮುದ್ರೆ ಇದ್ದರೆ ಅದು ಶಾಖ ಕೊಟ್ಟು ಸಂಸ್ಕರಿಸಿದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಮುಟ್ಟಬೇಡಿ. ಇನ್ನೊಂದು, ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹಾಸ್ಟೆಲ್ ಡಸ್ಟ್‌ಬಿನ್ನಿಗೆ ಎಸೆಯಬೇಡಿ. ಆ ಎಣ್ಣೆ ಒಣಗುವುದೆಂದರೆ ಆಮ್ಲಜನಕದ ಜೊತೆ ಸೇರಿ ಶಾಖ ಬಿಡುವುದು. ಮುದ್ದೆಯೊಳಗೆ ಶಾಖ ಸಿಕ್ಕಿಕೊಂಡರೆ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಇದನ್ನೆಲ್ಲಾ ಮೊದಲು ಒಂದು ತುಂಡು ಹಲಗೆ ಮೇಲೆ ಮಾಡಿ ನೋಡಿ. ನಾವು ಅಷ್ಟು ಮಾಡಿದ್ದರೆ ಎರಡು ರಾತ್ರಿ ನಿದ್ದೆ ಉಳೀತಿತ್ತು.

ಫ್ರೇಮ್ ಕೊಟ್ಟಾಗ ಸರ್ ಮೊದಲು ನೋಡಿದ್ದು ಫೋಟೋ ಅಲ್ಲ, ನಾಲ್ಕು ಮೂಲೆ. ಬೆರಳಾಡಿಸಿ, "ಅರಗು ಹಾಕಿದ್ದೀರಾ?" ಅಂದರು. ನಮಗೆ ಅಷ್ಟು ಸಾಕಿತ್ತು.